ಹಳೆಯ ಗಾಡಿಗೆ ವಿದ್ಯುತ್ ಚೋಕು

ಸೋಮವಾರಪೇಟೆಯ ಸುತ್ತಿನ ತೋಟಗಳಲ್ಲಿ ಕಾಫಿ ಕೊಯ್ಲು ಮೊದಲಾಗುವುದೂ ಚಳಿ ಬಿಗಿಯುವುದೂ ಬಹುಮಟ್ಟಿಗೆ ಒಂದೇ ಕಾಲಕ್ಕೆ. ನೆರಳುಮರಗಳಿಂದ ಮಂಜಿನ ಹನಿ ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಕೆಲಸದವರನ್ನು ಕರೆತರಬೇಕು, ಮೂಟೆ ಸಾಗಿಸಬೇಕು, ಮಕ್ಕಳನ್ನು ಶಾಲೆಗೆ ಮುಟ್ಟಿಸಬೇಕು. ಅಂಥ ಹೊತ್ತಿನಲ್ಲಿಯೇ ರಾತ್ರಿಯೆಲ್ಲ ಷೆಡ್ಡಿನಲ್ಲಿ ನಿಂತ ಹಳೆಯ ಪೆಟ್ರೋಲು ಗಾಡಿ ಹಟ ಹಿಡಿಯುವುದು. ಇದನ್ನು ಬಲ್ಲವರು ಸಂಜೆಯೇ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮಲಗುತ್ತಾರೆ. ಬೆಳಿಗ್ಗೆ ಕಲ್ಲು ತೆಗೆದರೆ ಉರುಳಿಕೊಂಡಾದರೂ ಹೊರಡಲಿ ಎಂದು. ಹಗಲಿನ ಕೆಲಸ ಒಂದು ಗಳಿಗೆ ತಡವಾದರೆ ತಡೆದುಕೊಳ್ಳಬಹುದು. ನಡುರಾತ್ರಿ ಮನೆಯಲ್ಲಿ ಒಬ್ಬರಿಗೆ ಎದೆನೋವು ಬಂದಾಗ ಗಾಡಿ ಹೊರಡದಿದ್ದರೆ ತಡೆದುಕೊಳ್ಳಲಾಗದು.

ಈಗ ಮಾರಾಟವಾಗುವ ಹೊಸ ಗಾಡಿಗಳಿಗೆ ಈ ತೊಂದರೆಯಿಲ್ಲ. ಅವುಗಳಲ್ಲಿ ಪುಟ್ಟ ಗಣಕವೊಂದು ಪೆಟ್ರೋಲನ್ನು ಅಳೆದು ಚಿಮ್ಮಿಸುತ್ತದೆ. ಕಾರ್ಬುರೇಟರೂ ಇಲ್ಲ, ಚೋಕೂ ಇಲ್ಲ. ಆದರೆ ತಾತನ ಕಾಲದ ಜೀಪನ್ನೋ, ಫಿಯಟ್ಟನ್ನೋ, ೨೦೧೪ರಲ್ಲಿ ತಯಾರಿಕೆ ನಿಂತುಹೋದ ಆಂಬಾಸಡರನ್ನೋ ಮಾರಲು ಮನಸ್ಸಾಗದೆ ಇಟ್ಟುಕೊಂಡ ಮನೆಗಳು ನಮ್ಮ ನಡುವೆ ಇನ್ನೂ ಉಂಟು. ಅಂಥವರಲ್ಲಿ ಕೆಲವರಿಗೆ ಈಚೆಗೆ ಒಂದು ಯೋಚನೆ ಬರುತ್ತಿದೆ: ಕೈಯಿಂದ ಎಳೆಯುವ ಚೋಕನ್ನು ತೆಗೆದು ವಿದ್ಯುತ್ತಿನಿಂದ ತಾನೇ ತೆರೆದುಕೊಳ್ಳುವ ಚೋಕನ್ನು ಹಾಕಿಸಿದರೆ ಹೇಗೆ? ಹಾಕಿಸಬಹುದು. ಅದಕ್ಕೆ ಒಂದೇ ಒಂದು ತಂತಿ ಸಾಕು. ಆದರೆ ಆ ಒಂದು ತಂತಿಯನ್ನು ಎಲ್ಲಿಂದ ತರಬೇಕು ಎಂಬುದರಲ್ಲಿಯೇ ಇಡೀ ವಿಷಯ ಅಡಗಿದೆ. ಅದನ್ನು ತಿಳಿಯಬೇಕಾದರೆ ಚೋಕಿನ ಕೆಲಸವೇನೆಂಬುದನ್ನು ಮೊದಲು ನೋಡೋಣ.

ಪೆಟ್ರೋಲು ದ್ರವವಾಗಿರುವಾಗ ಎಂಜಿನ್ನಿನೊಳಗೆ ಸರಿಯಾಗಿ ಉರಿಯುವುದಿಲ್ಲ; ಆವಿಯಾಗಿ ಗಾಳಿಯೊಡನೆ ಬೆರೆತಾಗ ಮಾತ್ರ ಉರಿಯುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೫ ಪಾಲು ಗಾಳಿ ಬೇಕು. ಎಂಜಿನ್ನು ಬಿಸಿಯಾಗಿರುವಾಗ ಈ ಲೆಕ್ಕ ಸರಿಹೋಗುತ್ತದೆ. ಚಳಿಯಲ್ಲಿಯಾದರೋ ಕಾರ್ಬುರೇಟರಿನಿಂದ ಹೊರಟ ಪೆಟ್ರೋಲಿನಲ್ಲಿ ಬಹುಪಾಲು ಆವಿಯಾಗುವುದೇ ಇಲ್ಲ. ತಣ್ಣನೆಯ ಕೊಳವೆಯ ಗೋಡೆಗೆ ಇಬ್ಬನಿಯಂತೆ ಅಂಟಿಕೊಂಡುಬಿಡುತ್ತದೆ. ಸಿಲಿಂಡರಿಗೆ ಮುಟ್ಟುವ ಆವಿ ಕಿಡಿಗೆ ಸಾಲದು. ಆದುದರಿಂದ ಮೊದಲ ಕೆಲವು ನಿಮಿಷ ಪೆಟ್ರೋಲನ್ನು ಹೆಚ್ಚಾಗಿ ಕೊಡಬೇಕು. ಕಾರ್ಬುರೇಟರಿನ ಬಾಯಿಗೆ ಒಂದು ತಗಡಿನ ಬಿಲ್ಲೆಯನ್ನು ಅಡ್ಡ ಹಿಡಿದರೆ ಗಾಳಿ ಕಡಿಮೆಯಾಗಿ, ಎಂಜಿನ್ನಿನ ಸೆಳೆತವೆಲ್ಲ ಪೆಟ್ರೋಲಿನ ಮೇಲೆ ಬೀಳುತ್ತದೆ. ಈ ಬಿಲ್ಲೆಯೇ ಚೋಕು. ಇಂಗ್ಲಿಷಿನಲ್ಲಿ ಆ ಮಾತಿಗೆ ಉಸಿರು ಕಟ್ಟಿಸುವುದು ಎಂಬ ಅರ್ಥ. ಹೆಸರು ಒರಟಾದರೂ ಕೆಲಸಕ್ಕೆ ತಕ್ಕುದಾಗಿದೆ.

ಉಸಿರು ಕಟ್ಟಿಸಿದ್ದನ್ನು ಸಕಾಲದಲ್ಲಿ ಬಿಡಬೇಕು. ಕೈ ಚೋಕಿನಲ್ಲಿ ಇದು ಚಾಲಕನ ನೆನಪಿಗೆ ಬಿಟ್ಟ ಮಾತು. ಗುಬುಟನ್ನು ಎಳೆದು ಎಂಜಿನ್ನು ಹೊರಡಿಸಿ, ಹಾಗೆಯೇ ಮರೆತು ಮಾದಾಪುರದವರೆಗೆ ಹೋಗಿ ಬಂದವರಿಗೆ ಆದ ನಷ್ಟ ಹಲವು ಬಗೆಯದು. ಪೆಟ್ರೋಲು ದಂಡ. ಪ್ಲಗ್ಗುಗಳಿಗೆ ಮಸಿ. ಎಲ್ಲಕ್ಕಿಂತ ಕೆಟ್ಟದ್ದು, ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಅಡಿಯ ಎಣ್ಣೆಯೂ ತೆಳುವಾಗುತ್ತದೆ. ಎಣ್ಣೆ ತೆಳುವಾದ ಎಂಜಿನ್ನು ಬೇಗ ಸವೆಯುತ್ತದೆ. ಹಳೆಯ ಗಾಡಿಗೆ ಬಿಡಿಭಾಗ ಹುಡುಕಿದವರಿಗೆ ಇದರ ಬೆಲೆ ಗೊತ್ತು.

ಚೋಕು ತಾನಾಗಿಯೇ ತೆರೆಯುವಂತೆ ಮಾಡುವ ಉಪಾಯ ನಿಮ್ಮ ಮನೆಯಲ್ಲಿಯೇ ಇದೆ. ಹದವಾಗಿ ಕಾದೊಡನೆ ವಿದ್ಯುತ್ತನ್ನು ತಾನೇ ಕಡಿದುಕೊಳ್ಳುವ ಇಸ್ತ್ರಿಪೆಟ್ಟಿಗೆಯನ್ನು ನೆನೆಯಿರಿ. ಅದರೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿಯುಂಟು. ಶಾಖ ತಗಲಿದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆದಕಾರಣ ಪಟ್ಟಿ ಬಾಗುತ್ತದೆ. ಅಂಥದೇ ಪಟ್ಟಿಯನ್ನು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿ, ಅದರ ತುದಿಯನ್ನು ಚೋಕಿನ ಬಿಲ್ಲೆಗೆ ಸಿಕ್ಕಿಸಿದರೆ, ತಣ್ಣಗಿರುವಾಗ ಸುರುಳಿ ಬಿಲ್ಲೆಯನ್ನು ಮುಚ್ಚುತ್ತದೆ, ಕಾದಂತೆಲ್ಲ ಬಿಡುತ್ತಾ ಬರುತ್ತದೆ. ೧೯೩೦ರ ದಶಕದಿಂದ ಅಮೆರಿಕದ ಗಾಡಿಗಳಲ್ಲಿ ಈ ಸುರುಳಿಗೆ ಹೊಗೆಕೊಳವೆಯ ಬಿಸಿಗಾಳಿಯನ್ನು ಕೊಡುತ್ತಿದ್ದರು. ಕೆಲವರು ರೇಡಿಯೇಟರಿನ ಬಿಸಿನೀರನ್ನು ಹಾಯಿಸಿದರು. ವಿದ್ಯುತ್ ಚೋಕಿನಲ್ಲಿ ಸುರುಳಿಯ ಬೆನ್ನಿಗೆ ಒಂದು ಪುಟ್ಟ ಶಾಖದ ಅಂಶ ಇರುತ್ತದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಗಾಡಿಗೆ ೧೯೬೧ರ ಮಾದರಿಯಿಂದ ಇಂಥ ಚೋಕು ಬಂತು. ಹಳೆಯ ಗಾಡಿಗಳಿಗೆ ಹೊಸದಾಗಿ ಕೂಡಿಸುವ ವೆಬರ್ ೩೨/೩೬ ಕಾರ್ಬುರೇಟರಿನ ಒಂದು ಬಗೆಯಲ್ಲಿಯೂ ಇದೇ ಏರ್ಪಾಡು.

ಇಲ್ಲಿ ಒಂದು ಎಚ್ಚರಿಕೆ. ಕೊಳ್ಳುವ ಮುಂಚೆ ನಿಮ್ಮ ಗಾಡಿಯ ಗಾಳಿ ಸೋಸುವ ಡಬ್ಬಿಯನ್ನು ಬಿಚ್ಚಿ ಕಾರ್ಬುರೇಟರಿನ ಬಾಯನ್ನು ನೋಡಿರಿ. ಒಬ್ಬರು ಚೋಕಿನ ಗುಬುಟನ್ನು ಎಳೆಯಲಿ. ಬಾಯಿಯಲ್ಲಿ ಬಿಲ್ಲೆ ತಿರುಗಿ ಅಡ್ಡವಾದರೆ ಸರಿ, ಅದಕ್ಕೆ ಒಪ್ಪುವ ವಿದ್ಯುತ್ ಚೋಕು ಸಿಕ್ಕೀತು. ಬಿಲ್ಲೆಯೇ ಇಲ್ಲವಾದರೆ? ಆಂಬಾಸಡರಿನಲ್ಲಿ ಬಹುಕಾಲ ಕಂಡುಬಂದ ಎಸ್.ಯು. ಕಾರ್ಬುರೇಟರಿನಲ್ಲಿ ಬಿಲ್ಲೆಯಿಲ್ಲ. ಅಲ್ಲಿ ಗುಬುಟನ್ನು ಎಳೆದರೆ ಪೆಟ್ರೋಲು ಬರುವ ಜೆಟ್ಟು ಕೆಳಕ್ಕೆ ಸರಿದು, ಅದರೊಳಗಿನ ಮೊನಚು ಸೂಜಿಯ ಸುತ್ತ ದಾರಿ ಅಗಲವಾಗುತ್ತದೆ. ಸೋಲೆಕ್ಸ್ ಕಾರ್ಬುರೇಟರಿನ ಕೆಲವು ಬಗೆಗಳಲ್ಲಿ ತಂಪು ಎಂಜಿನ್ನಿಗೆಂದೇ ಪಕ್ಕದಲ್ಲಿ ಬೇರೊಂದು ಪುಟ್ಟ ಕಾರ್ಬುರೇಟರಿನಂಥ ಭಾಗವಿದ್ದು, ಗುಬುಟು ಅದರ ತೂತಿನ ಬಿಲ್ಲೆಯನ್ನು ತಿರುಗಿಸುತ್ತದೆ. ಇವುಗಳಿಗೆ ಸುರುಳಿಯ ಚೋಕು ಕೂಡದು. ಹೊಸ ಕೇಬಲ್ಲು ಹಾಕಿಸಿ, ಎಣ್ಣೆ ಬಿಟ್ಟು, ಕೈ ಚೋಕನ್ನೇ ಉಳಿಸಿಕೊಳ್ಳುವುದು ಲೇಸು.

ಎರಡನೆಯ ಎಚ್ಚರಿಕೆ ಓಲ್ಟಿನದು. ಯುದ್ಧಕಾಲದ ವಿಲ್ಲಿಸ್ ಜೀಪಿನ ಬ್ಯಾಟರಿ ೬ ಓಲ್ಟಿನದು. ಬೀಟಲ್ ಕೂಡ ೧೯೬೬ರ ಮಾದರಿಯವರೆಗೆ ಸಾಮಾನ್ಯವಾಗಿ ೬ ಓಲ್ಟಿನದೇ. ಶಾಖವು ಓಲ್ಟಿನ ವರ್ಗದಂತೆ ಏರಿಳಿಯುತ್ತದೆ. ೧೨ ಓಲ್ಟಿನ ಚೋಕಿಗೆ ೬ ಓಲ್ಟು ಕೊಟ್ಟರೆ ನಾಲ್ಕರಲ್ಲಿ ಒಂದು ಪಾಲು ಶಾಖ ಮಾತ್ರ. ಚೋಕು ತೆರೆಯುವುದೇ ಅನುಮಾನ. ೬ ಓಲ್ಟಿನದಕ್ಕೆ ೧೨ ಕೊಟ್ಟರೆ ನಾಲ್ಕು ಪಾಲು ಶಾಖ. ಅಂಶ ಸುಟ್ಟು ಹೋಗುತ್ತದೆ. ಚೋಕಿನ ಮುಚ್ಚಳದ ಮೇಲೆ ಬರೆದಿರುವುದನ್ನು ಓದಿಯೇ ಕೊಳ್ಳಿರಿ.

ಇನ್ನು ತಂತಿಯ ಮಾತು. ಚೋಕಿಗೆ ವಿದ್ಯುತ್ತು ಯಾವಾಗ ಬೇಕು? ಎಂಜಿನ್ನು ಓಡುತ್ತಿರುವಾಗ ಬೇಕು. ಉಳಿದ ಹೊತ್ತಿನಲ್ಲಿ ಬೇಡ. ಈ ಒಂದು ಸೂತ್ರವನ್ನು ಕೈಯಲ್ಲಿ ಹಿಡಿದರೆ, ಜನ ಸಾಮಾನ್ಯವಾಗಿ ಆರಿಸುವ ಮೂರು ಜಾಗಗಳು ಏಕೆ ತಪ್ಪೆಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲನೆಯದು, ಬ್ಯಾಟರಿಗೆ ನೇರವಾಗಿ ಕೂಡಿದ ತಂತಿ. ಒಂದು ಲೆಕ್ಕ ಹಾಕೋಣ. ಅಂಶದ ತಡೆ ೮ ಓಮ್ ಎಂದಿಟ್ಟುಕೊಳ್ಳಿರಿ. ೧೨ ಓಲ್ಟಿನಲ್ಲಿ ಒಂದೂವರೆ ಆಂಪಿಯರ್ ಹರಿಯುತ್ತದೆ. ೧೮ ವಾಟ್ ಶಾಖ. ರಾತ್ರಿ ಹತ್ತು ಗಂಟೆ ಹೀಗೆಯೇ ಹರಿದರೆ ೧೫ ಆಂಪಿಯರ್ ಗಂಟೆಗಳಷ್ಟು ಶಕ್ತಿ ಬ್ಯಾಟರಿಯಿಂದ ಸೋರಿಹೋಯಿತು. ಅಷ್ಟೇ ಅಲ್ಲ, ಬೆಳಿಗ್ಗೆ ಚೋಕು ಕಾದು ಪೂರ್ತಿ ತೆರೆದೇ ಇರುತ್ತದೆ. ಬ್ಯಾಟರಿಯೂ ಸೋತಿತು, ಚೋಕೂ ಕೆಲಸಕ್ಕೆ ಬಾರದಾಯಿತು.

ಎರಡನೆಯದು, ಇಗ್ನಿಷನ್ ಕಾಯಿಲಿನ ತಿರುಪು. ಕಾರ್ಬುರೇಟರಿಗೆ ಹತ್ತಿರವಿದೆ, ಕೀಲಿ ತಿರುಗಿಸಿದರೆ ಮಾತ್ರ ವಿದ್ಯುತ್ತು ಬರುತ್ತದೆ. ನೋಡಲು ಇದಕ್ಕಿಂತ ಅನುಕೂಲವಾದ ಜಾಗವಿಲ್ಲ. ಬೀಟಲ್ ತಯಾರಿಸಿದವರು ಅಲ್ಲಿಂದಲೇ ಕೊಟ್ಟರು. ಆ ಗಾಡಿಯ ಕಾಯಿಲಿಗೆ ಪೂರ್ತಿ ಓಲ್ಟು ಬರುತ್ತಿದ್ದುದರಿಂದ ನಡೆಯಿತು. ಆದರೆ ಎಷ್ಟೋ ಗಾಡಿಗಳಲ್ಲಿ ಕಾಯಿಲಿನ ಮುಂದೆ ಬ್ಯಾಲಸ್ಟ್ ಎಂಬ ತಡೆ ಇರುತ್ತದೆ. ಅದನ್ನು ದಾಟಿ ಬಂದಾಗ ಉಳಿಯುವುದು ೮ ಓಲ್ಟು ಎನ್ನೋಣ. ಹನ್ನೆರಡರಲ್ಲಿ ಎಂಟು ಎಂದರೆ ಮೂರರಲ್ಲಿ ಎರಡು ಪಾಲು. ಅದರ ವರ್ಗ ಒಂಬತ್ತರಲ್ಲಿ ನಾಲ್ಕು. ಅರ್ಧಕ್ಕಿಂತ ಕಡಿಮೆ ಶಾಖ! ಚೋಕು ತೆರೆಯಲು ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿಯುತ್ತದೆ. ಹೊಗೆಕೊಳವೆ ಕಪ್ಪು ಹೊಗೆ ಉಗುಳುತ್ತದೆ. ಅತ್ತ ಕಾಯಿಲಿಗೆ ಸೇರಬೇಕಾದ ಪ್ರವಾಹದಲ್ಲಿ ಚೋಕು ಪಾಲು ಕೇಳುವುದರಿಂದ ಕಿಡಿಯೂ ಸೊರಗುತ್ತದೆ. ಗಾಡಿ ಹೊರಡಲೆಂದು ಮಾಡಿದ ಏರ್ಪಾಡು ಗಾಡಿಯನ್ನೇ ತಡೆದಂತಾಯಿತು.

ಮೂರನೆಯದು, ಗಾಡಿಯ ರೇಡಿಯೋ ತಂತಿ. ಇದನ್ನು ಈ ಪತ್ರಿಕೆಯ ಓದುಗರಿಗೆ ಒತ್ತಿ ಹೇಳಬೇಕು. ಎಂಜಿನ್ನು ನಿಂತಿರುವಾಗಲೂ ರೇಡಿಯೋ ಹಾಡಲೆಂದು ಹಲವು ಗಾಡಿಗಳ ಕೀಲಿಯಲ್ಲಿ ಒಂದು ಸ್ಥಾನ ಬಿಟ್ಟಿರುತ್ತಾರೆ. ಸಂತೆಯ ಬದಿ ಗಾಡಿ ನಿಲ್ಲಿಸಿ, ಮನೆಯವರು ಬರುವ ತನಕ ವಾರ್ತೆ ಕೇಳುತ್ತಾ ಕುಳಿತರೆ, ಅಷ್ಟು ಹೊತ್ತೂ ಚೋಕು ಕಾಯುತ್ತಾ ಇರುತ್ತದೆ. ಎಂಜಿನ್ನು ಆರಿ ತಣ್ಣಗಾಗಿರುತ್ತದೆ, ಚೋಕು ಮಾತ್ರ ಬಿಸಿಯಾಗಿ ಬಾಯಿ ತೆರೆದುಕೊಂಡಿರುತ್ತದೆ.

ಹಾಗಾದರೆ ಸರಿಯಾದ ಜಾಗ ಯಾವುದು? ಕೀಲಿಯನ್ನು ಎಂಜಿನ್ನಿನ ಸ್ಥಾನಕ್ಕೆ ತಿರುಗಿಸಿದಾಗ ಮಾತ್ರ ಪೂರ್ತಿ ೧೨ ಓಲ್ಟು ಬರುವ, ಫ್ಯೂಸು ದಾಟಿದ ತಂತಿ. ಲೂಕಾಸ್ ಸಾಮಾನು ಹಾಕಿದ ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಇದನ್ನು ಬಣ್ಣದಿಂದಲೇ ಗುರುತಿಸಬಹುದು. ಕಂದು ಬಣ್ಣದ್ದು ಸದಾ ಜೀವಂತ; ಬಿಳಿಯದು ಕೀಲಿಯಿಂದ ಬಂದದ್ದು, ಆದರೆ ಫ್ಯೂಸಿಲ್ಲ; ಹಸಿರು ಕೀಲಿಯಿಂದ ಬಂದು ಫ್ಯೂಸನ್ನೂ ದಾಟಿದ್ದು. ನಿಮಗೆ ಬೇಕಾದದ್ದು ಹಸಿರು. ಆದರೆ ಐವತ್ತು ವರ್ಷಗಳಲ್ಲಿ ಎಷ್ಟು ಕೈ ಆಡಿದೆಯೋ ಯಾರು ಬಲ್ಲರು? ಬಣ್ಣವನ್ನು ನಂಬದೆ ಪರೀಕ್ಷೆಯ ದೀಪ ಹಿಡಿದು ನೋಡಿರಿ. ಕೀಲಿ ಮುಚ್ಚಿದಾಗ ದೀಪ ಆರಬೇಕು. ರೇಡಿಯೋ ಸ್ಥಾನದಲ್ಲಿಯೂ ಆರಿಯೇ ಇರಬೇಕು. ಎಂಜಿನ್ನಿನ ಸ್ಥಾನದಲ್ಲಿ ಮಾತ್ರ ಚೆನ್ನಾಗಿ ಬೆಳಗಬೇಕು.

ಇದರಲ್ಲಿಯೂ ಒಂದು ಕೊರತೆ ಉಳಿಯಿತು. ಕೀಲಿ ತಿರುಗಿಸಿ ಎಂಜಿನ್ನು ಹೊರಡಿಸದೆ ಕುಳಿತರೆ ಚೋಕು ಕಾಯತೊಡಗುತ್ತದೆ. ಇದನ್ನೂ ನೀಗಬೇಕೆಂದರೆ ನಡುವೆ ಒಂದು ರಿಲೇ ಇಡಬೇಕು. ರಿಲೇ ಎಂದರೆ ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಆಳುವ ವಿದ್ಯುತ್ಕಾಂತದ ಸ್ವಿಚ್ಚು. ಅದರ ಕಾಲುಗಳ ಬಳಿ ಅಂಕೆಗಳನ್ನು ಅಚ್ಚೊತ್ತಿರುತ್ತಾರೆ. ೩೦ಕ್ಕೆ ಬ್ಯಾಟರಿಯಿಂದ ಫ್ಯೂಸು ದಾಟಿದ ತಂತಿ, ೮೭ರಿಂದ ಚೋಕಿಗೆ, ೮೫ ಗಾಡಿಯ ಮೈಗೆ, ೮೬ ಆಲ್ಟರ್ನೇಟರಿನಲ್ಲಿ ಚಾರ್ಜಿನ ಕೆಂಪು ದೀಪಕ್ಕೆ ಹೋಗುವ ತಿರುಪಿಗೆ. ಎಂಜಿನ್ನು ನಿಂತಿರುವಾಗ ಆ ತಿರುಪಿನಲ್ಲಿ ಓಲ್ಟು ಇಲ್ಲವೆನ್ನುವಷ್ಟು ಕಡಿಮೆ. ಎಂಜಿನ್ನು ಓಡಿ ಚಾರ್ಜು ಮೊದಲಾದಾಗ ಏರುತ್ತದೆ, ರಿಲೇ ಎಳೆದುಕೊಳ್ಳುತ್ತದೆ, ಚೋಕಿಗೆ ವಿದ್ಯುತ್ತು ಸಿಗುತ್ತದೆ. ಎಂಜಿನ್ನು ನಿಂತ ಕ್ಷಣ ತಾನೇ ಕಡಿಯುತ್ತದೆ. ಆ ತಿರುಪಿನಿಂದ ನೇರವಾಗಿ ಚೋಕಿಗೆ ತಂತಿ ಎಳೆಯಬೇಡಿರಿ; ಅಷ್ಟು ಪ್ರವಾಹ ಕೊಡಲು ಅದನ್ನು ಮಾಡಿಲ್ಲ. ಕೆಲವರು ಎಣ್ಣೆಯ ಒತ್ತಡದ ಸ್ವಿಚ್ಚನ್ನು ಬಳಸುತ್ತಾರೆ. ಅದೂ ಆದೀತು. ಆದರೆ ಗಾಡಿಯಲ್ಲಿ ಮೊದಲೇ ಇರುವ ಎಣ್ಣೆ ದೀಪದ ಸ್ವಿಚ್ಚು ಒತ್ತಡವಿಲ್ಲದಾಗ ಕೂಡಿಕೊಳ್ಳುವಂಥದು. ನಮಗೆ ಬೇಕಾದದ್ದು ಒತ್ತಡ ಬಂದಾಗ ಕೂಡಿಕೊಳ್ಳುವ ಬೇರೊಂದು.

ಹೋದ ಪ್ರವಾಹ ಹಿಂತಿರುಗಲು ದಾರಿ ಬೇಡವೆ? ಒಂದೇ ಕಾಲಿರುವ ಚೋಕಿನಲ್ಲಿ ಆ ದಾರಿ ಕಾರ್ಬುರೇಟರಿನ ಮೈಯೇ. ಅಡಿಯ ದಪ್ಪ ಗ್ಯಾಸ್ಕೆಟ್ಟು, ಬಣ್ಣ, ತುಕ್ಕು ಇವು ಆ ದಾರಿಯನ್ನು ಕಟ್ಟಿಬಿಡಬಹುದು. ನಮ್ಮ ಮಳೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ವಸ್ತುವೇ ಅಪರೂಪ. ತುಕ್ಕಿನ ಮಾತು ಹೇಳಬೇಕಾಗಿಲ್ಲ. ಆದುದರಿಂದ ಕಾರ್ಬುರೇಟರಿನ ಒಂದು ತಿರುಪಿನಿಂದ ಎಂಜಿನ್ನಿನ ಮೈಗೆ ಒಂದು ಕಪ್ಪು ತಂತಿಯನ್ನು ಎಳೆದುಬಿಡುವುದು ವಾಸಿ. ಎರಡು ಕಾಲಿನ ಚೋಕಾದರೆ ಒಂದು ಕಾಲು ನೇರವಾಗಿ ಮೈಗೇ ಹೋಗಬೇಕು. ೧೯೬೦ರ ದಶಕದ ಅನೇಕ ಬ್ರಿಟಿಷ್ ಗಾಡಿಗಳಲ್ಲಿ ಬ್ಯಾಟರಿಯ ಧನ ಕೊನೆಯನ್ನು ಮೈಗೆ ಕೂಡಿಸಿರುತ್ತಾರೆ. ಅದಕ್ಕೆ ಹೆದರಬೇಕಾಗಿಲ್ಲ; ಶಾಖದ ಅಂಶಕ್ಕೆ ಪ್ರವಾಹ ಯಾವ ಕಡೆಯಿಂದ ಬಂದರೂ ಒಂದೇ.

ಇನ್ನು ಕೆಲಸದ ಕ್ರಮ. ಎಂಜಿನ್ನು ಪೂರ್ತಿ ತಣ್ಣಗಿರಲಿ. ಮೊಟ್ಟಮೊದಲು ಬ್ಯಾಟರಿಯಲ್ಲಿ ಮೈಗೆ ಕೂಡಿದ ಕೊನೆಯನ್ನು ಕಳಚಿರಿ. ಪೆಟ್ರೋಲಿನ ಮಗ್ಗುಲಲ್ಲಿ ಒಂದು ಕಿಡಿ ಸಾಕು, ಗಾಡಿಯೂ ಷೆಡ್ಡೂ ಒಟ್ಟಿಗೆ ಹೋಗುತ್ತವೆ. ಕೈಯೊಡನೆ ಪೆಟ್ರೋಲಿನ ರಬ್ಬರು ಕೊಳವೆಗಳನ್ನೂ ನೋಡಿರಿ. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ೨೦೨೫ರಲ್ಲಿ ಈ ಬೆರಕೆ ನೂರಕ್ಕೆ ಇಪ್ಪತ್ತರ ಮಟ್ಟಕ್ಕೆ ಬಂತು. ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡಿ ಬಿರಿಯಿಸುತ್ತದೆ. ಚಳಿಯಲ್ಲಿ ಆವಿಯಾಗಲು ಎಥನಾಲಿಗೆ ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕು. ಹಳೆಯ ಗಾಡಿಗಳ ಮುಂಜಾನೆಯ ಹಟ ಹೆಚ್ಚಲು ಇದೂ ಒಂದು ಕಾರಣ.

ಚೋಕಿನ ಪ್ರವಾಹ ಸಾಮಾನ್ಯವಾಗಿ ಒಂದರಿಂದ ಮೂರು ಆಂಪಿಯರ್. ಅದಕ್ಕೆ ಒಂದೂವರೆ ಚದರ ಮಿಲಿಮೀಟರಿನ ತಂತಿಯೂ ೫ ಆಂಪಿಯರಿನ ಫ್ಯೂಸೂ ಸಾಕು. ಫ್ಯೂಸು ವಿದ್ಯುತ್ತು ಬರುವ ಮೂಲದ ಹತ್ತಿರವಿರಲಿ, ಚೋಕಿನ ಹತ್ತಿರವಲ್ಲ. ನಡುದಾರಿಯಲ್ಲಿ ತಂತಿ ಉಜ್ಜಿ ಬರಿದಾದರೆ ಕಾಯಬೇಕಾದದ್ದು ಅದೇ ತಾನೆ? ತಗಡಿನ ತೂತಿನಲ್ಲಿ ತಂತಿ ನುಗ್ಗುವಲ್ಲಿ ರಬ್ಬರಿನ ಬಳೆ ಹಾಕಿರಿ. ಹೊಗೆಕೊಳವೆಯಿಂದಲೂ ಪ್ಲಗ್ಗಿನ ತಂತಿಗಳಿಂದಲೂ ದೂರವಿರಲಿ. ಪ್ಲಗ್ಗಿನ ತಂತಿಯ ಮಗ್ಗುಲಲ್ಲಿ ಹಾಯ್ದರೆ ಕಿಡಿಯ ಗದ್ದಲ ಈ ತಂತಿಯ ಮೂಲಕ ರೇಡಿಯೋದಲ್ಲಿಯೂ ಚಟಚಟ ಎನ್ನಬಹುದು. ಬಿಚ್ಚಿದ ಹಳೆಯ ಗುಬುಟನ್ನೂ ಕೇಬಲ್ಲನ್ನೂ ಎಸೆಯದೆ ಇಡಿರಿ. ಗಾಡಿಯ ಮೈಗೆ ಹೊಸ ತೂತು ಕೊರೆಯಬೇಡಿರಿ. ಐವತ್ತು ವರ್ಷ ದಾಟಿದ ಗಾಡಿಗಳನ್ನು ಪುರಾತನ ವಾಹನವೆಂದು ನೋಂದಾಯಿಸಲು ೨೦೨೧ರಲ್ಲಿ ಬಂದ ನಿಯಮ, ಗಾಡಿ ಮೂಲರೂಪದಲ್ಲಿ ಇರಬೇಕೆಂದು ಕೇಳುತ್ತದೆ.

ಕೂಡಿಸಿದ್ದಾಯಿತು; ಈಗ ಹದ. ಚೋಕಿನ ದುಂಡು ಮುಚ್ಚಳವನ್ನು ಸಾಮಾನ್ಯವಾಗಿ ಮೂರು ತಿರುಪು ಹಿಡಿದಿರುತ್ತವೆ, ಅಂಚಿನಲ್ಲಿ ಗೀಟುಗಳುಂಟು. ತಿರುಪುಗಳನ್ನು ಸಡಿಲಿಸಿ ಮುಚ್ಚಳವನ್ನು ಒಂದು ಕಡೆ ತಿರುಗಿಸಿದರೆ ಚೋಕು ಬಿಗಿಯಾಗಿ ಮುಚ್ಚುತ್ತದೆ, ಇನ್ನೊಂದು ಕಡೆಗೆ ಸಡಿಲವಾಗುತ್ತದೆ. ಮುಂಜಾನೆಯ ಚಳಿಯಲ್ಲಿ ಪೆಡಲನ್ನು ಒಮ್ಮೆ ಒತ್ತಿ ಬಿಟ್ಟಾಗ ಬಿಲ್ಲೆ ತಾನಾಗಿಯೇ ಮೆಲ್ಲನೆ ಮುಚ್ಚಿಕೊಳ್ಳಬೇಕು. ಬೆರಳಿನಿಂದ ತಳ್ಳಿದರೆ ಸುಲಭವಾಗಿ ತೆರೆಯಬೇಕು. ಅಲ್ಲಿಗೆ ತಿರುಪು ಬಿಗಿಯಿರಿ. ಎಂಜಿನ್ನು ಹೊರಟ ಮೇಲೆ ಬಿಲ್ಲೆಯನ್ನು ನೋಡುತ್ತಿರಿ. ಕೆಲವು ನಿಮಿಷಗಳಲ್ಲಿ ಅದು ನೆಟ್ಟಗೆ ನಿಂತರೆ ಹದ ಸರಿ. ಅಷ್ಟರೊಳಗೆ ಎಂಜಿನ್ನು ಕೆಮ್ಮಿ ನಿಂತರೆ ಬೇಗ ತೆರೆಯಿತೆಂದು ಅರ್ಥ. ಒಂದು ಗೀಟು ಬಿಗಿಮಾಡಿರಿ. ಕಪ್ಪು ಹೊಗೆ ಬಂದರೆ ಒಂದು ಗೀಟು ಸಡಿಲಿಸಿರಿ. ಒಂದು ಸಲಕ್ಕೆ ಒಂದೇ ಗೀಟು. ಮರುಪರೀಕ್ಷೆ ಮಾರನೆಯ ಬೆಳಿಗ್ಗೆ, ಏಕೆಂದರೆ ಬಿಸಿ ಎಂಜಿನ್ನು ಈ ಪ್ರಶ್ನೆಗೆ ಉತ್ತರ ಹೇಳಲಾರದು. ಮಂಗಳೂರಿನಲ್ಲಿ ಹದ ಮಾಡಿಸಿದ ಗಾಡಿ ಇಲ್ಲಿ ಒಂದಿಷ್ಟು ಹೆಚ್ಚು ಪೆಟ್ರೋಲು ಕುಡಿಯುವುದು ಸಹಜ. ಕಡಲ ಮಟ್ಟದಿಂದ ಸಾವಿರ ಮೀಟರ್ ಮೇಲೆ ಗಾಳಿ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು.

ಹೊಸ ಚೋಕಿಗೆ ಹೊಸ ಅಭ್ಯಾಸವೂ ಬೇಕು. ಹೊರಡಿಸುವ ಮೊದಲು ಪೆಡಲನ್ನು ಒಮ್ಮೆ ಒತ್ತಿರಿ. ಪದೇ ಪದೇ ಒತ್ತಿದರೆ ಪೆಟ್ರೋಲು ತುಂಬಿ ಪ್ಲಗ್ಗು ನೆನೆಯುತ್ತದೆ. ಹಾಗೇನಾದರೂ ಆದರೆ ಪೆಡಲನ್ನು ನೆಲದವರೆಗೆ ಒತ್ತಿ ಹಿಡಿದು ಸ್ಟಾರ್ಟರು ತಿರುಗಿಸಿರಿ. ಬಹಳಷ್ಟು ಕಾರ್ಬುರೇಟರುಗಳಲ್ಲಿ ಆಗ ಚೋಕು ಬಲವಂತವಾಗಿ ತೆರೆದುಕೊಳ್ಳುತ್ತದೆ. ಇನ್ನೊಂದು ಮಾತನ್ನು ಮನೆಯ ಎಲ್ಲರೂ ಕೇಳಬೇಕು. ಎಂಜಿನ್ನು ಬಿಸಿಯಾಗಲೆಂದು ಮುಚ್ಚಿದ ಷೆಡ್ಡಿನಲ್ಲಿ ಓಡಬಿಡಬೇಡಿರಿ. ಚೋಕು ಹಾಕಿದ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ವಿಶೇಷವಾಗಿ ಹೆಚ್ಚು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಷೆಡ್ಡಿಗೆ ತಾಗಿದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲಬಲ್ಲದು. ಬಾಗಿಲು ತೆರೆದು, ಗಾಡಿಯನ್ನು ಬಯಲಿಗೆ ತಂದು, ಅರ್ಧ ನಿಮಿಷದಲ್ಲಿ ಮೆಲ್ಲಗೆ ಹೊರಟುಬಿಡಿರಿ. ನಡೆಯುತ್ತಾ ಎಂಜಿನ್ನು ಬೇಗ ಬಿಸಿಯಾಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ, ಕೈ ಚೋಕೇ ಸಾಕು ಎನಿಸಿದರೆ ಅದೂ ತಪ್ಪಲ್ಲ. ಒಬ್ಬರೇ ಓಡಿಸುವ, ಗುಬುಟಿನ ಗುಟ್ಟು ಬಲ್ಲ ಗಾಡಿಗೆ ಅದು ಧಾರಾಳವಾಗಿ ಸಾಲುತ್ತದೆ. ಆದರೆ ಮನೆಯಲ್ಲಿ ಗಾಡಿ ಹತ್ತುವವರು ಹಲವರಿದ್ದು, ಗುಟ್ಟು ಬಲ್ಲವರು ಊರಲ್ಲಿಲ್ಲದ ದಿನವೂ ಅದು ಹೊರಡಲೇಬೇಕಾಗಿದ್ದರೆ, ವಿದ್ಯುತ್ ಚೋಕು ಹಾಕಿಸಿರಿ. ಮಿಸ್ತ್ರಿಯ ಬಳಿ ಗಾಡಿಯನ್ನು ಬಿಡುವಾಗ ಒಂದು ಪ್ರಶ್ನೆ ಕೇಳಿರಿ: ಎಂಜಿನ್ನು ನಿಂತಾಗ ಈ ತಂತಿಯಲ್ಲಿ ವಿದ್ಯುತ್ತು ನಿಲ್ಲುತ್ತದೆಯೇ? ಪರೀಕ್ಷೆಯ ದೀಪ ಹಿಡಿದು ತೋರಿಸಿ, ನಿಲ್ಲುತ್ತದೆ ಎಂದರೆ ಕೆಲಸ ನೆಟ್ಟಗಾಗಿದೆ. ಹಣ ಕೊಟ್ಟು ಗಾಡಿ ತನ್ನಿರಿ.